ಪ್ರಭಾರ ಹೆಚ್‌ಎಂ (ಮುಖ್ಯ ಶಿಕ್ಷಕರು) ಆದವರಿಗೆ: ಚಾರ್ಜ್ ಪಟ್ಟಿಯಿಂದ ಕ್ಯಾಶ್ ಬುಕ್‌ವರೆಗೆ ಎಲ್ಲೆಲ್ಲಿ ಲೆಕ್ಕ ತಪ್ಪುತ್ತೆ?

ಹೊಳೆದಂಡೆ, ಹರಿಹರ:
ನಿವೃತ್ತಿ, ವರ್ಗಾವಣೆ ಆದ ಕಡೆಯೆಲ್ಲ ಹಿರಿತನದ ಮೇಲೆ ಸಹ ಶಿಕ್ಷಕರ ಹೆಗಲಿಗೇ ಪ್ರಭಾರ ಬೀಳ್ತಿದೆ. ಅವರಿಗೆ ಪಾಠ ಮಾಡೋದು ಗೊತ್ತು, ಬೀರು ಒಳಗಿರೋ ವಹಿಗಳು ಗೊತ್ತಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಅನುಭವಸ್ಥರು ಇಲ್ಲಿದ್ದೀರಿ, ದಯವಿಟ್ಟು ಬರೀರಿ. ಮಾತು ಗಾಳಿಗೆ ಹೋಗಬಾರದು ಅಂತ ಒಂದು ಮಾದರಿ ಶಾಲೆ ಇಟ್ಕೊಳ್ಳೋಣ: 1ರಿಂದ 7ನೇ ತರಗತಿ, ದಾಖಲಾತಿ 120 (1ರಿಂದ 5ಕ್ಕೆ 75, 6-7ಕ್ಕೆ 45), ಹೆಚ್‌ಎಂ ಸೇರಿ ನಾಲ್ವರು ಶಿಕ್ಷಕರು, ಮೂವರು ಅಡುಗೆಯವರು. ಚಾರ್ಜ್ ತಗೊಳ್ಳುವಾಗ ಏನು ನೋಡಬೇಕು? ದಿನದ ಯಾವ ಹೊತ್ತಿಗೆ ಯಾವ ಕೆಲಸ? ಆಡಿಟ್‌ನಲ್ಲಿ ಯಾವುದು ಸಿಕ್ಕಿಹಾಕಿಕೊಳ್ಳುತ್ತೆ? ಉಪದೇಶ ಬೇಡ, ಅಂಕಿ ಸಮೇತ ಹೇಳಿ.

ಕೋಟೆನಾಡು ಹಳಬ:
ಚಾರ್ಜ್‌ನಿಂದಲೇ ಶುರು ಮಾಡ್ತೀನಿ. ಪಟ್ಟಿಯಲ್ಲಿರೋದನ್ನ ನೋಡಿ, ಎಣಿಸಿ, ತೂಗಿ ಆಮೇಲೆ ಸಹಿ. "ಹಿರಿಯರು, ಅವರ ಮುಂದೆ ತಕ್ಕಡಿ ಹಿಡಿಯೋದು ಹೇಗೆ" ಅನ್ನೋ ಸಂಕೋಚವೇ ಮೊದಲ ತಪ್ಪು. ದಾಸ್ತಾನು ವಹಿಯಲ್ಲಿ ಅಕ್ಕಿ 212 ಕೆಜಿ ಅಂತಿದ್ದು, ಕೋಣೆಯಲ್ಲಿ ಮೂರು ಚೀಲ ಮತ್ತೊಂದು ಅರೆಚೀಲ ಇದ್ದರೆ, ಸಹಿ ಬಿದ್ದ ಕ್ಷಣದಿಂದ ಆ ಕೊರತೆ ನಿಮ್ಮದು. ವ್ಯತ್ಯಾಸ ಬಂದರೆ ಜಗಳ ಬೇಕಿಲ್ಲ. "ವಹಿಯಂತೆ ಇಷ್ಟು, ತೂಕದಂತೆ ಇಷ್ಟು" ಅಂತ ಎರಡನ್ನೂ ಪಟ್ಟಿಯಲ್ಲೇ ಬರೆದು ಇಬ್ಬರೂ ಸಹಿ ಮಾಡಿ, ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಬೇಳೆ, ಎಣ್ಣೆ, ಹಾಲಿನ ಪುಡಿ ಇವಕ್ಕೂ ಇದೇ ಕ್ರಮ. ಹಾಲಿನ ಪುಡಿಯ ಪ್ಯಾಕೆಟ್ ಮೇಲಿನ ಅವಧಿ ದಿನಾಂಕವನ್ನೂ ನೋಡಿ, ಅವಧಿ ಮುಗಿದ ಪ್ಯಾಕೆಟ್ ದಾಸ್ತಾನಲ್ಲಿ ಸೇರಿಕೊಂಡಿರುತ್ತೆ.

ಆಮೇಲೆ ನಗದು ಪುಸ್ತಕ. ಶಾಲೆಗೆ ಎಷ್ಟು ಖಾತೆ ಇವೆಯೋ ಅಷ್ಟೂ ಪಾಸ್‌ಬುಕ್ ಅದೇ ದಿನ ಎಂಟ್ರಿ ಮಾಡಿಸಿ, ಕ್ಯಾಶ್ ಬುಕ್‌ನ ಅಖೈರು ಶಿಲ್ಕಿನ (ಕೊನೆಗೆ ಉಳಿದ ಮೊತ್ತದ) ಪಕ್ಕ ಇಡಿ. ಎರಡೂ ಸೇರದಿದ್ದರೆ ಕಾರಣ ಸಾಮಾನ್ಯವಾಗಿ ಎರಡೇ: ಕೊಟ್ಟ ಚೆಕ್ ಇನ್ನೂ ಬ್ಯಾಂಕಿಗೆ ಹೋಗಿಲ್ಲ, ಇಲ್ಲವೇ ಬ್ಯಾಂಕ್ ಕೊಟ್ಟ ಬಡ್ಡಿಯನ್ನ ಯಾರೂ ಜಮಾ ಬರೆದಿಲ್ಲ. ಖಾಲಿ ಚೆಕ್ ಹಾಳೆ ಎಷ್ಟು, ಯಾವ ನಂಬರಿನಿಂದ ಯಾವ ನಂಬರಿಗೆ, ಇದನ್ನೂ ಪಟ್ಟಿಗೆ ಸೇರಿಸಿ.

ದಾಖಲಾತಿ ವಹಿಗಳು ಶಾಲೆ ಶುರುವಾದ ವರ್ಷದಿಂದ ಇವತ್ತಿನವರೆಗೆ ಸಾಲಾಗಿ ಇವೆಯಾ ನೋಡಿ. 60 ವರ್ಷದ ಹಿಂದೆ ಓದಿದವರು ವಯಸ್ಸಿನ ದಾಖಲೆಗೆ, ಜಾತಿ ದಾಖಲೆಗೆ ಇವತ್ತೂ ಬರ್ತಾರೆ. ಒಂದು ವಹಿ ಇಲ್ಲ ಅಂದರೆ ಉತ್ತರ ಹೇಳಬೇಕಾದವರು ಈಗಿನ ಹೆಚ್‌ಎಂ. ಕೊನೆಯದು ಜಾಗದ ಕಾಗದ. ದಾನಪತ್ರ, ಪಂಚಾಯ್ತಿ ಖಾತೆ, ನಕ್ಷೆ. ಇಲ್ಲದಿದ್ದರೆ "ಇಲ್ಲ" ಅಂತಲೇ ಬರೆಸಿ. ಖಾಲಿ ಬಿಟ್ಟ ಕಲಂ ನಾಳೆ "ಇತ್ತು, ಕಳೆದುಹೋಗಿದೆ" ಅಂತ ಆಗುತ್ತೆ.

ಅಡಕೆ ಸೀಮೆ, ಚನ್ನಗಿರಿ:
ಹಳಬರು ಒಂದು ಬಿಟ್ಟರು, ಲಾಗಿನ್‌ಗಳು. ಸ್ಯಾಟ್ಸ್ (ಮಕ್ಕಳ ದಾಖಲೆ), ಯುಡೈಸ್ ಪ್ಲಸ್ (ಶಾಲೆಯ ಅಂಕಿಅಂಶ), ಪಿಎಫ್‌ಎಂಎಸ್ (ಅನುದಾನದ ಪಾವತಿ) ಈ ಮೂರು ಆನ್‌ಲೈನ್ ತಾಣಕ್ಕೂ ಪಾಸ್‌ವರ್ಡ್ ಸಿಕ್ಕರೆ ಸಾಲದು, ಒಟಿಪಿ ಹೋಗೋ ಮೊಬೈಲ್ ನಂಬರ್ ಬದಲಾಗಬೇಕು. ಹಳೇ ಹೆಚ್‌ಎಂ ನಿವೃತ್ತರಾಗಿ ತೋಟದಲ್ಲಿ ನೀರು ಕಟ್ತಾ ಇರ್ತಾರೆ, ಒಟಿಪಿ ಅವರ ಜೇಬಲ್ಲಿ ಟಿಂಗ್ ಅನ್ನುತ್ತೆ, ಇಲ್ಲಿ ನೀವು ಕಂಪ್ಯೂಟರ್ ಮುಂದೆ. ಬಿಆರ್‌ಸಿಗೆ (ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ) ಮನವಿ ಕೊಟ್ಟು ಮೊದಲ ವಾರದಲ್ಲೇ ಬದಲಾಯಿಸಿಕೊಳ್ಳಿ.

ಬ್ಯಾಂಕ್ ಸಹಿ ಬದಲಾವಣೆಗೆ ಪ್ರಭಾರದ ಆದೇಶದ ಪ್ರತಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು, ನಿಮ್ಮ ಗುರುತಿನ ದಾಖಲೆ ಮೂರೂ ಬೇಕು. ಠರಾವಿನಲ್ಲಿ ಖಾತೆ ಸಂಖ್ಯೆ ಬರೆಯದೆ "ಶಾಲಾ ಖಾತೆ" ಅಂತಷ್ಟೇ ಬರೆದರೆ ಬ್ಯಾಂಕಿನವರು ವಾಪಸ್ ಕಳಿಸ್ತಾರೆ. ಸಹಿ ಬದಲಾಗೋವರೆಗೆ ಮೊಟ್ಟೆಯವನಿಗೆ, ತರಕಾರಿಯವನಿಗೆ ದುಡ್ಡು ಹೋಗಲ್ಲ, ಅವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.

ನಲಿಕಲಿ ಅಕ್ಕ:
ದಿನದ ಕೆಲಸದ ವಿಷಯಕ್ಕೆ ಬರೋಣ. ಹೆಚ್‌ಎಂ ದಿನ ನಿಂತಿರೋದು ಒಂದೇ ಅಂಕಿ ಮೇಲೆ, ಇವತ್ತು ಎಷ್ಟು ಮಕ್ಕಳು ಬಂದಿದ್ದಾರೆ ಅನ್ನೋದು. ತರಗತಿ ಹಾಜರಾತಿ, ಬಿಸಿಯೂಟದ ವಹಿ, ಹಾಲಿನ ವಹಿ, ಮೊಟ್ಟೆಯ ವಹಿ, ಆನ್‌ಲೈನ್ ನಮೂದು, ಐದೂ ಕಡೆ ಅದೇ ಓಡಾಡುತ್ತೆ. ಐದು ಕಡೆ ಐದು ಥರ ಬಿದ್ದರೆ, ಮಕ್ಕಳು ಹೊಟ್ಟೆತುಂಬ ಉಂಡಿದ್ದರೂ ಕಾಗದದ ಮೇಲೆ ಅದು ದುರ್ಬಳಕೆ.

ಕ್ರಮ ಇಷ್ಟೇ. ಪ್ರಾರ್ಥನೆ, ನಾಡಗೀತೆ, ಸಂವಿಧಾನ ಪೀಠಿಕೆ ಓದು ಮುಗಿದು ಮಕ್ಕಳು ಒಳಗೆ ಹೋದ ಮೇಲೆ ತರಗತಿ ಶಿಕ್ಷಕರು ಹಾಜರಾತಿ ಹಾಕಿ, ಗಂಡು ಎಷ್ಟು ಹೆಣ್ಣು ಎಷ್ಟು ಅಂತ ಕಪ್ಪು ಹಲಗೆಯ ಮೂಲೆಯಲ್ಲಿ ಬರೀತಾರೆ. ಹೆಚ್‌ಎಂ ಒಂದು ಸುತ್ತು ಹೊಡೆದು ಆ ಅಂಕಿಗಳನ್ನ ಒಂದೇ ಹಾಳೆಗೆ ಇಳಿಸಿಕೊಳ್ಳಬೇಕು. ಆ ಸುತ್ತಿನಲ್ಲೇ ಯಾವ ತರಗತಿಯಲ್ಲಿ ಮೇಷ್ಟ್ರಿಲ್ಲ, ಯಾವ ಮಗು ಡೆಸ್ಕ್ ಮೇಲೆ ತಲೆ ಇಟ್ಟಿದೆ, ಶೌಚಾಲಯಕ್ಕೆ ನೀರು ಬಂದಿದೆಯಾ, ಎಲ್ಲ ಕಣ್ಣಿಗೆ ಬೀಳುತ್ತೆ. ಕುರ್ಚಿಯಲ್ಲಿ ಕೂತು ಮಕ್ಕಳ ಕೈಲಿ ಚೀಟಿ ತರಿಸಿಕೊಂಡರೆ ಅಂಕಿ ಮಾತ್ರ ಸಿಗುತ್ತೆ.

ಹೊಳೆದಂಡೆ, ಹರಿಹರ:
ಅಕ್ಕಾ, ತಾಂಡಾದ ಮಕ್ಕಳು, ಹೊಲದ ಮನೆಯ ಮಕ್ಕಳು ಹತ್ತೂವರೆಗೆ ಬರ್ತಾರೆ. ಆಗ ಹತ್ತು ಗಂಟೆಯ ಅಂಕಿ ಸುಳ್ಳಾಗುತ್ತಲ್ಲ?

ನಲಿಕಲಿ ಅಕ್ಕ:
ಅದಕ್ಕೇ 10.45ಕ್ಕೆ ಅಂಕಿ ಮುಚ್ಚಿ, ಮುಂಚೆ ಬೇಡ. ಅಡುಗೆಯವರು ಅಕ್ಕಿ ಅಳೆಯೋದು ಅದರ ಮೇಲೇ. ಆಮೇಲೂ ಇಬ್ಬರು ಮೂವರು ಬಂದರೆ ಹಾಜರಾತಿ ಹಾಕಿ, ಊಟಕ್ಕೂ ಕೂರಿಸಿ. ಊಟದ ವಹಿಗೆ ಬರೆಯಬೇಕಾದ್ದು ಉಂಡವರ ಸಂಖ್ಯೆ, ಬಂದವರ ಸಂಖ್ಯೆ ಅಲ್ಲ. ಹೆಚ್ಚಿನ ತಪ್ಪು ನಡೆಯೋದು ಇಲ್ಲೇ. ಶ್ರಾವಣ ಸೋಮವಾರ ಉಪವಾಸದ ಮಕ್ಕಳು, ಮನೆಯಿಂದ ಬುತ್ತಿ ತಂದವರು, ಮಧ್ಯಾಹ್ನ ಹೊಟ್ಟೆನೋವು ಅಂತ ಮನೆಗೆ ಹೋದವರು, ಇವರನ್ನ ಕಳೆಯಬೇಕು. 112 ಹಾಜರಿ, 112 ಊಟ, ತಿಂಗಳಿಡೀ ಹೀಗೇ ಇದ್ದರೆ ನೋಡಿದವರಿಗೆ ಮೊದಲು ಅನುಮಾನ ಬರೋದು ಅದರ ಮೇಲೆ.

ಚಳ್ಳಕೆರೆ ಶೇಂಗಾ:
ಅಳತೆ ನಾನು ಹೇಳ್ತೀನಿ. 1ರಿಂದ 5ರ ಮಗುವಿಗೆ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5 ಗ್ರಾಂ. 6ರಿಂದ 8ರ ಮಗುವಿಗೆ ಅದರ ಒಂದೂವರೆ ಪಟ್ಟು: 150, 30, 75, 7.5.

ಮಾದರಿ ಶಾಲೆಯಲ್ಲಿ ಇವತ್ತು ಸಣ್ಣವರು 70, ದೊಡ್ಡವರು 42 ಅನ್ನಿ. ಅಕ್ಕಿ 7 ಕೆಜಿ ಕೂಡಿಸು 6.3, ಒಟ್ಟು 13.3 ಕೆಜಿ. ಇಲ್ಲೊಂದು ಸಲೀಸು ಇದೆ, ಗೋಡೆ ಮೇಲೆ ಬರೆದಿಡಿ: ಅಕ್ಕಿ ಗೊತ್ತಾದರೆ ಉಳಿದದ್ದೆಲ್ಲ ಗೊತ್ತಾದ ಹಾಗೆ. ಅಕ್ಕಿಯ ಐದನೇ ಒಂದು ಭಾಗ ಬೇಳೆ (2.66 ಕೆಜಿ), ಅರ್ಧ ತರಕಾರಿ (6.65 ಕೆಜಿ), ಇಪ್ಪತ್ತನೇ ಒಂದು ಭಾಗ ಎಣ್ಣೆ (665 ಗ್ರಾಂ). ದೊಡ್ಡವರಿಗಾದರೂ ಸಣ್ಣವರಿಗಾದರೂ ಅನುಪಾತ ಒಂದೇ ಆದ್ದರಿಂದ ಬೇರೆ ಬೇರೆ ಗುಣಿಸೋ ಕಷ್ಟ ಇಲ್ಲ. ವಹಿಯಲ್ಲಿ ಅಕ್ಕಿ 13.3 ಬರೆದು ಬೇಳೆ 3.1 ಬರೆದಿದ್ದರೆ ಲೆಕ್ಕ ತಪ್ಪಿದೆ ಅಂತ ಒಂದೇ ನೋಟಕ್ಕೆ ಹೇಳಬಹುದು. ಆಡಿಟ್‌ನವರು ನೋಡೋದೂ ಹೀಗೇ.

ತಪ್ಪುವ ಜಾಗ ಅಳತೆಯ ಪಾತ್ರೆ. ಅಡುಗೆಯವರು ಡಬ್ಬದಲ್ಲಿ ಅಳೀತಾರೆ, ಡಬ್ಬ ಬದಲಾದ ದಿನ ಅಳತೆಯೂ ಬದಲಾಗುತ್ತೆ. ತೂಕದ ಯಂತ್ರದ ಮೇಲೆ ಒಂದು ಸಲ 2 ಕೆಜಿ ಅಕ್ಕಿ ಹಾಕಿ, ಆ ಡಬ್ಬಕ್ಕೆ ಒಳಗಡೆ ಗೀರು ಹಾಕಿಸಿ. ಬೇಳೆಗೆ ಬೇರೆ ಡಬ್ಬ, ಬೇರೆ ಗೀರು. ಅಕ್ಕಿಯ ಡಬ್ಬದಲ್ಲೇ ಬೇಳೆ ಅಳೆದರೆ ತೂಕ ತಾಳೆ ಆಗಲ್ಲ.

ಕೋಟೆನಾಡು ಹಳಬ:
ಚೀಲ ಇಳಿಸೋ ದಿನವನ್ನೂ ಸೇರಿಸಿಕೊಳ್ಳಿ. ಗಾಡಿ ಬಂದಾಗ ಹೆಚ್‌ಎಂ ಕಾಗದಕ್ಕೆ ಸಹಿ ಹಾಕಿ ಪಾಠಕ್ಕೆ ಹೋಗಿಬಿಡ್ತಾರೆ. 50 ಕೆಜಿ ಅಂತ ಬಂದ ಚೀಲ 48 ತೂಗಿದರೆ ಗಾಡಿ ಇನ್ನೂ ಅಂಗಳದಲ್ಲಿ ಇರುವಾಗಲೇ ಚಲನ್ ಮೇಲೆ ಬರೆಯಬೇಕು. ಗಾಡಿ ಗೇಟು ದಾಟಿದ ಮೇಲೆ ಆ 2 ಕೆಜಿಗೆ ಸಾಕ್ಷಿ ಇಲ್ಲ. ಎಲ್ಲ ಚೀಲ ತೂಗೋಕೆ ಹೊತ್ತಿಲ್ಲ ಅಂದರೆ ಹೊಲಿಗೆ ಬಿಚ್ಚಿರೋವು, ಹರಿದಿರೋವು ಇಷ್ಟನ್ನಾದರೂ ತೂಗಿ. ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ ಜೋಡಿಸಿ. ಹೊಸ ಚೀಲ ಹಿಂದೆ, ಹಳೇದು ಮುಂದೆ. ನುಸಿ ಬೀಳೋದು ಮೂಲೆಯಲ್ಲಿ ಮರೆತ ಹಳೇ ಚೀಲದಿಂದ. ಖಾಲಿ ಚೀಲಕ್ಕೂ ಲೆಕ್ಕ ಇಡಿ, ಅದು ಸಣ್ಣದು ಅಂತ ಬಿಟ್ಟವರಿಗೇ ಆಕ್ಷೇಪಣೆ ಬರೋದು.

ಬಯಲುಸೀಮೆ ಟೀಚರ್, ಜಗಳೂರು:
ಹಾಲು, ಮೊಟ್ಟೆ ಬಗ್ಗೆ ಯಾರೂ ಬರೀಲಿಲ್ಲ.

ಕ್ಷೀರಭಾಗ್ಯ ಶುರುವಾಗಿದ್ದು 2013ರ ಆಗಸ್ಟ್ 1ಕ್ಕೆ. ಮಗುವಿಗೆ 150 ಮಿ.ಲೀ. ಹಾಲು, ಅದಕ್ಕೆ 18 ಗ್ರಾಂ ಪುಡಿ. ಅಂದರೆ ಒಂದು ಕೆಜಿ ಪುಡಿ 55 ಮಕ್ಕಳಿಗೆ, 112 ಮಕ್ಕಳಿಗೆ 2 ಕೆಜಿ ಚಿಲ್ಲರೆ. ಪುಡಿಯನ್ನ ಸೀದಾ ಕುದಿಯೋ ನೀರಿಗೆ ಸುರಿದರೆ ಗಂಟು ಕಟ್ಟುತ್ತೆ, ತಳದಲ್ಲಿ ಹತ್ತಿ ಸೀದ ವಾಸನೆ ಬರುತ್ತೆ, ಮಕ್ಕಳು ಗಿಡದ ಬುಡಕ್ಕೆ ಚೆಲ್ತಾರೆ. ಉಗುರುಬೆಚ್ಚಗಿನ ನೀರಲ್ಲಿ ಮೊದಲು ತೆಳ್ಳಗೆ ಕಲಸಿ, ಸೋಸಿ, ಆಮೇಲೆ ಬಿಸಿನೀರಿಗೆ ಬಿಡಬೇಕು. 2024ರಿಂದ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೂಡ ಇದೆ. ಅದನ್ನ ಮಾತ್ರ ತಣ್ಣೀರಲ್ಲೇ ಕದಡಬೇಕು, ಬೆಚ್ಚಗಿನ ನೀರಿಗೂ ರಾಗಿ ಹಿಟ್ಟು ಗಂಟಾಗುತ್ತೆ. ಅಂಬಲಿ ಕಾಯಿಸೋ ನಮ್ಮ ಕಡೆ ಅಡುಗೆಯವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ ಬಿಡಿ.

ಮೊಟ್ಟೆಗೆ ಬರೋದು ಒಂದಕ್ಕೆ 6 ರೂಪಾಯಿ, ಬೇಯಿಸೋ ಇಂಧನ, ಸುಲಿಯೋ ಕೂಲಿ ಎಲ್ಲ ಅದರೊಳಗೇ. ಚಳಿಗಾಲದಲ್ಲಿ ಪೇಟೆ ದರ ಏರಿದಾಗ ಹೆಚ್‌ಎಂ ಕೈಯಿಂದ ಹಾಕೋ ಪರಿಸ್ಥಿತಿ ಬರೋದು ಇದಕ್ಕೇ. ಹಾಗಂತ ದರ ಹೊಂದಿಸೋಕೆ ಮಕ್ಕಳ ಸಂಖ್ಯೆ ಏರಿಸಿ ಬರೆಯೋಕೆ ಮಾತ್ರ ಹೋಗಬೇಡಿ. ದರದ ತೊಂದರೆಯನ್ನ ಪತ್ರದಲ್ಲಿ ಬರೆದು ಬಿಇಒ ಕಚೇರಿಗೆ ಕೊಡಿ, ಅದರ ಪ್ರತಿ ಕಡತದಲ್ಲಿರಲಿ.

ಲೆಕ್ಕ ಹೀಗೆ: 112ರಲ್ಲಿ ಮೊಟ್ಟೆ ತಿನ್ನೋರು 94, ಬಾಳೆಹಣ್ಣು 18. ಟ್ರೇಗೆ 30, ಹಾಗಾಗಿ ಮೂರು ಟ್ರೇ ಮೇಲೆ ನಾಲ್ಕು. ಒಡೆಯೋದಕ್ಕೆ ಅಂತ 98 ತನ್ನಿ. ಬೇಯಿಸೋ ಮುಂಚೆ ಬಕೆಟ್ ನೀರಿಗೆ ಬಿಡಿ, ತೇಲಿದ್ದನ್ನ ಎಸೆಯಿರಿ. ತಣ್ಣೀರಿಂದಲೇ ಒಲೆಗಿಟ್ಟು, ಕುದಿ ಬಂದ ಮೇಲೆ 10-12 ನಿಮಿಷ. ಬೆಂದ ಕೂಡಲೇ ತಣ್ಣೀರಿಗೆ ಹಾಕಿದರೆ ಸಿಪ್ಪೆ ಸಲೀಸಾಗಿ ಬರುತ್ತೆ. ಕುದಿಯೋ ನೀರಿಗೆ ಒಮ್ಮೆಲೇ ಸುರಿದರೆ ಅರ್ಧ ಬಿರುಕು ಬಿಟ್ಟು ಬಿಳಿ ಹೊರಗೆ. ಮೊಟ್ಟೆ ಬೇಡ ಅನ್ನೋ ಮಕ್ಕಳ ಪಟ್ಟಿಗೆ ಪೋಷಕರ ಸಹಿ ಇರಲಿ, ಆ ಪಟ್ಟಿ ಅಡುಗೆ ಕೋಣೆಯಲ್ಲಿ ತೂಗುಹಾಕಿರಲಿ, ಪಾತ್ರೆ ಬೇರೆ ಇರಲಿ. ಹಳ್ಳಿಯಲ್ಲಿ ಜಗಳ ಹುಟ್ಟೋದು ಮೊಟ್ಟೆಯ ಲೆಕ್ಕದಿಂದಲ್ಲ, ಪಾತ್ರೆಯಿಂದ.

ಸಿಆರ್‌ಪಿ, ಹಿರಿಯೂರು ಕಡೆ:
ಶಾಲಾ ಭೇಟಿಗೆ ಬಂದ ನಮ್ಮಂಥ ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಏನು ನೋಡ್ತಾರೆ ಅಂತ ಕೇಳೋರಿಗೆ: ರುಚಿ ನೋಡಿದ ವಹಿ. ಬಡಿಸೋಕೆ ಅರ್ಧ ಗಂಟೆ ಮುಂಚೆ ಹೆಚ್‌ಎಂ ಅಥವಾ ಸರದಿಯ ಶಿಕ್ಷಕರು ಉಂಡು, ಸಮಯ ಸಮೇತ ಬರೆದು ಸಹಿ ಮಾಡಿರಬೇಕು. ಶುಕ್ರವಾರ ಮಧ್ಯಾಹ್ನ ಹೋದರೆ ಶನಿವಾರದ ಸಹಿಯೂ ಬಿದ್ದಿರೋ ವಹಿಗಳನ್ನ ನೋಡಬಹುದು. ಆ ವಹಿ ಇಲ್ಲದಿದ್ದರೂ ಅಷ್ಟು ಅನಾಹುತ ಇಲ್ಲ, ಹಾಗೆ ಇರೋದು ಅನಾಹುತ. ಊಟದಲ್ಲಿ ಏನಾದರೂ ಹೆಚ್ಚುಕಮ್ಮಿ ಆದ ದಿನ ಮೊದಲು ಕೇಳೋ ದಾಖಲೆ ಅದೇ. ಒಂದು ಮುಚ್ಚಿದ ಡಬ್ಬಿಯಲ್ಲಿ ಅವತ್ತಿನ ಊಟದ ಮಾದರಿ ಮರುದಿನದವರೆಗೆ ಎತ್ತಿಡಿ.

ಎರಡನೇದು ಚಲನವಲನ ವಹಿ. ಶಿಕ್ಷಕರು ಬ್ಯಾಂಕಿಗೆ ಹೋದರು, ಬಿಆರ್‌ಸಿಗೆ ಹೋದರು ಅಂದರೆ ಹೊರಟ ಸಮಯ, ಕಾರಣ, ಸಹಿ. ಬಾಯಲ್ಲಿ ಹೇಳಿ ಹೋದವರಿಗೆ ದಾರಿಯಲ್ಲಿ ಅಪಘಾತವಾದರೆ ಕರ್ತವ್ಯದ ಮೇಲಿದ್ದರು ಅಂತ ತೋರಿಸೋಕೆ ಆಮೇಲೆ ಏನೂ ಇರಲ್ಲ.

ಅಡಕೆ ಸೀಮೆ, ಚನ್ನಗಿರಿ:
ಮಾತ್ರೆಯನ್ನೂ ಹೇಳಿ ಸರ್.

ಸಿಆರ್‌ಪಿ, ಹಿರಿಯೂರು ಕಡೆ:
ಕಬ್ಬಿಣಾಂಶದ ಮಾತ್ರೆ ವಾರಕ್ಕೊಂದು: 5ನೇ ತರಗತಿವರೆಗೆ ಗುಲಾಬಿ, 6ರಿಂದ ಮೇಲೆ ನೀಲಿ. ಊಟದ ನಂತರವೇ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ, ಹಾಲಿನ ಜೊತೆ ಕೊಟ್ಟರೆ ಕಬ್ಬಿಣ ಮೈಗೆ ಹತ್ತೋದು ಕಮ್ಮಿ. ಜಂತುಹುಳದ ಅಲ್ಬೆಂಡಜೋಲ್ 400 ಮಿ.ಗ್ರಾಂ. ಅಗಿದು ನುಂಗಬೇಕು, ಸಣ್ಣವರಿಗೆ ಇಡಿಯಾಗಿ ನುಂಗಿಸಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಮನೆಗೆ ಕಟ್ಟಿಕೊಡಬೇಡಿ, ಎದುರಿಗೇ ತಿನ್ನಿಸಿ.

ಮೊಳಕಾಲ್ಮುರು ಗಡಿ:
ದಾಖಲಾತಿ ಬಗ್ಗೆ ಬರೀತೀನಿ, ನಮ್ಮ ಕಡೆ ಅದೇ ತಲೆನೋವು. ಒಂದೇ ತಿಪ್ಪೇಸ್ವಾಮಿ ಆಧಾರ್‌ನಲ್ಲಿ ಒಂದು ಇಂಗ್ಲಿಷ್ ಕಾಗುಣಿತ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು, ಸ್ಯಾಟ್ಸ್‌ನಲ್ಲಿ ಮತ್ತೊಂದು. ಒಂದು ಕಡೆ ಟಿ ಆದ ಮೇಲೆ ಹೆಚ್ ಇದೆ, ಇನ್ನೊಂದು ಕಡೆ ಇಲ್ಲ. ಕೊನೆಯಲ್ಲಿ ಒಬ್ಬರು ವೈ, ಒಬ್ಬರು ಐ. ಕನ್ನಡದಲ್ಲಿ ಓದೋರಿಗೆ ಒಂದೇ ಹುಡುಗ, ಅಪಾರ್ ಐಡಿ (ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಮಾಡೋ ಯಂತ್ರಕ್ಕೆ ಮೂವರು. ಒಂದನೇ ತರಗತಿಗೆ ಸೇರಿಸಿಕೊಳ್ಳೋ ದಿನವೇ ಜನನ ಪ್ರಮಾಣಪತ್ರ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೇರೆ ಇದ್ದರೆ ಜನನ ಪ್ರಮಾಣಪತ್ರದಂತೆ ದಾಖಲಿಸಿ, ಆಧಾರ್ ತಿದ್ದಿಸಿಕೊಂಡು ಬರೋಕೆ ಪೋಷಕರಿಗೆ ಹೇಳಿ. ಆಧಾರ್ ಇಲ್ಲ ಅಂತ ಮಗುವನ್ನ ವಾಪಸ್ ಕಳಿಸಬೇಡಿ.

ದಾಖಲಾತಿ ವಹಿಯಲ್ಲಿ ಬಿಳಿ ಬಣ್ಣ ಬಳಿದು ತಿದ್ದೋದು, ಹೆಚ್‌ಎಂ ತಾವೇ ಹುಟ್ಟಿದ ದಿನ ಬದಲಾಯಿಸೋದು, ಎರಡೂ ಬೇಡವೇ ಬೇಡ. ಊರಿನ ಮುಖಂಡರು ಬಂದು ಕೂತರೂ ಅಷ್ಟೇ. ಅರ್ಜಿ, ಮೂಲ ದಾಖಲೆ ಸೇರಿಸಿ ಬಿಇಒ ಕಚೇರಿಗೆ ಪ್ರಸ್ತಾವನೆ ಕಳಿಸಿ, ಆದೇಶ ಬಂದ ಮೇಲೆ ಕೆಂಪು ಶಾಯಿಯಲ್ಲಿ ಆದೇಶ ಸಂಖ್ಯೆ, ದಿನಾಂಕ ಬರೆದು ಸಹಿ. ಹಳೇ ನಮೂದು ಓದೋ ಹಾಗೆ ಉಳಿದಿರಬೇಕು.

ವಲಸೆ ಇನ್ನೊಂದು. ಮೊಳಕಾಲ್ಮುರು, ಚಳ್ಳಕೆರೆ, ಜಗಳೂರು ಕಡೆ ಸುಗ್ಗಿ ಮುಗಿದ ಮೇಲೆ ಕಾಫಿ ತೋಟಕ್ಕೆ, ಕಬ್ಬು ಕಡಿಯೋಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಸಂಸಾರ ಸಮೇತ ಹೋಗ್ತಾರೆ. ಹಟ್ಟಿಯ ಮಕ್ಕಳು ಕುರಿ ಹಿಂದೆ ಹೋಗ್ತಾರೆ. ಸತತ ಏಳು ದಿನ ಗೈರಾದ ಮೇಲೆ ಕಾಗದ ಓಡಿಸೋಕೆ ಶುರು ಮಾಡಿದರೆ ಅಷ್ಟರಲ್ಲಿ ಮನೆಗೆ ಬೀಗ. ಮೂರನೇ ದಿನಕ್ಕೇ ಮನೆಗೆ ಹೋಗಿ, ಹೋದ ದಿನಾಂಕ, ಮಾತಾಡಿದವರ ಹೆಸರು ಬರೆದಿಡಿ. ಅಜ್ಜಿ ಹತ್ರ ಬಿಟ್ಟು ಹೋಗೋಕೆ ಆಗುತ್ತಾ, ಋತುಮಾನ ವಸತಿ ವ್ಯವಸ್ಥೆ ಹತ್ತಿರದಲ್ಲಿದೆಯಾ ವಿಚಾರಿಸಿ. ಹೋಗೇಬಿಟ್ಟರೆ ಎಲ್ಲಿಗೆ ಹೋದರು ಅಂತ ಊರು, ಫೋನ್ ನಂಬರ್ ತಗೊಳ್ಳಿ. ಅಲ್ಲಿನ ಶಾಲೆಯವರು ಟಿಸಿ (ವರ್ಗಾವಣೆ ಪ್ರಮಾಣಪತ್ರ) ಕೇಳಿದರೆ ತಡ ಮಾಡೋ ಹಾಗಿಲ್ಲ, ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಇರೋದೇ ಅದಕ್ಕೆ. ಟಿಸಿ ಬಂದಿಲ್ಲ ಅಂತ ಆ ಶಾಲೆಯವರೂ ಸೇರಿಸಿಕೊಳ್ಳದೆ ಇರೋ ಹಾಗಿಲ್ಲ.

ಬಯಲುಸೀಮೆ ಟೀಚರ್, ಜಗಳೂರು:
ಗಡಿಯವರೇ, ನೀರಿನ ಬಗ್ಗೆಯೂ ಬರೀಬೇಕಿತ್ತು ನೀವು. ಇಲ್ಲಿನ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಒಂದು ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದಾಗ 1.5ರವರೆಗೆ, ಅದಕ್ಕೂ ಮೇಲೆ ಕುಡಿಯೋಕೆ ಆಗಲ್ಲ. ಮಕ್ಕಳ ಮುಂದಿನ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ ಕಂಡರೆ ತಂಬಾಕಿನ ಕಲೆ ಅಂತ ಬೈಯೋ ಮೊದಲು ನೀರು ಪರೀಕ್ಷೆ ಮಾಡಿಸಿ. ಕೆಲವರು ಕಾಯಿಸಿ ಕೊಡ್ತೀವಿ ಅಂತಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ. ಅಡುಗೆಗೂ ಶುದ್ಧ ನೀರೇ ಬೇಕು. ಕುಡಿಯೋಕೆ ಮಾತ್ರ ಶುದ್ಧ ನೀರಿಟ್ಟು ಸಾರು, ಹಾಲು ಬೋರ್ ನೀರಲ್ಲಿ ಮಾಡಿದರೆ ಏನು ಉಪಯೋಗ?

ಕೋಟೆನಾಡು ಹಳಬ:
ದುಡ್ಡಿನ ವಿಷಯ ಬಾಕಿ ಇದೆ. ಸಮಗ್ರ ಶಿಕ್ಷಣದ ಶಾಲಾ ಅನುದಾನ ದಾಖಲಾತಿ ಮೇಲೆ: 30ರವರೆಗೆ 10,000, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000 ರೂಪಾಯಿ. 120 ಇದ್ದ ನಮ್ಮ ಮಾದರಿ ಶಾಲೆಗೆ 50,000. ಅದೇ 20 ಮಕ್ಕಳು ಕಮ್ಮಿಯಾಗಿ 100ಕ್ಕೆ ಇಳಿದರೆ ಅರ್ಧಕ್ಕರ್ಧ ಹೋಯಿತು. ಯುಡೈಸ್ ಅಂಕಿಯನ್ನ ಸೆಪ್ಟೆಂಬರ್ 30ಕ್ಕೆ ಇದ್ದಂತೆ ಸರಿಯಾಗಿ ತುಂಬಬೇಕು ಅನ್ನೋದು ಇದಕ್ಕೇ. ಅನುದಾನದ ಕನಿಷ್ಠ ಶೇ. 10, ಇಲ್ಲಿ 5,000, ಸ್ವಚ್ಛತೆಗೆ. ಅದನ್ನ ಬಿಟ್ಟು ಪೂರ್ತಿ ಬಣ್ಣಕ್ಕೆ ಸುರಿದರೆ ಆಕ್ಷೇಪಣೆ.

ಮೊದಲು ಎಸ್‌ಡಿಎಂಸಿ ಠರಾವು, ಆಮೇಲೆ ಖರ್ಚು. ತಿರುಗುಮುರುಗಾದ ದಿನಾಂಕಗಳೇ ಆಡಿಟ್‌ಗೆ ಊಟ. ಪಿಎಫ್‌ಎಂಎಸ್‌ನಲ್ಲಿ ಅಂಗಡಿಯವರ ಹೆಸರು ಬ್ಯಾಂಕ್ ಖಾತೆಯಲ್ಲಿ ಇರುವ ಹಾಗೇ ಸೇರಿಸಿ, ಬೋರ್ಡಿನ ಮೇಲೆ ಇರೋ ಹಾಗಲ್ಲ. ಹೆಸರು ತಾಳೆಯಾಗದೆ ಪಾವತಿ ವಾಪಸ್ ಬರುತ್ತೆ. ಪಾವತಿಯ ಕಾಗದ ಮುದ್ರಿಸಿದ ಮೇಲೆ ಇಬ್ಬರ ಸಹಿ ಹಾಕಿಸಿ ಬ್ಯಾಂಕಿಗೆ ತಕ್ಷಣ ಮುಟ್ಟಿಸಿ, ಬ್ಯಾಗಲ್ಲಿ ಮಲಗಿದರೆ ಅದರ ಅವಧಿ ಮುಗಿಯುತ್ತೆ.

ಶೂ-ಸಾಕ್ಸ್ ಲೆಕ್ಕಕ್ಕೆ ಇಷ್ಟು ವರ್ಷ ನಡೆದ ದರ 1ರಿಂದ 5ಕ್ಕೆ 265, 6ರಿಂದ 8ಕ್ಕೆ 295 ರೂಪಾಯಿ. 75 ಮಕ್ಕಳಿಗೆ 19,875, 45 ಮಕ್ಕಳಿಗೆ 13,275, ಒಟ್ಟು 33,150. ಆ ವರ್ಷದ ಆದೇಶ ನೋಡಿಕೊಂಡು ಗುಣಿಸಿ. ಪಾದದ ಅಳತೆಯನ್ನ ಹಾಳೆ ಮೇಲೆ ಗೀಚಿ, ಹೆಸರು ಬರೆದು ಕಟ್ಟಿ ಅಂಗಡಿಗೆ ಕೊಡಿ. "ಎರಡನೇ ಕ್ಲಾಸ್, 15 ಜೊತೆ" ಅಂತ ಹೇಳಿ ತಂದರೆ ಅರ್ಧ ವಾಪಸ್ ಹೋಗುತ್ತೆ.

ಕರೆಂಟ್ ಬಿಲ್ ಬಗ್ಗೆ ಒಂದು ಮಾತು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ವಿದ್ಯುತ್, ನೀರು ಉಚಿತ ಅಂತ ಘೋಷಣೆ ಆಯ್ತು. ಆಮೇಲೂ ಬೆಸ್ಕಾಂ ಬಿಲ್ ಬಂದರೆ ಮೀಟರ್ ಯಾರ ಹೆಸರಲ್ಲಿದೆ ನೋಡಿ. ಹಳೇ ಎಸ್‌ಡಿಎಂಸಿ ಅಧ್ಯಕ್ಷರ ಹೆಸರಲ್ಲಿ ಇರೋ ಮೀಟರ್‌ಗಳಿವೆ, ಮೊದಲು ಅದನ್ನ ಶಾಲೆಯ ಹೆಸರಿಗೆ ಮಾಡಿಸಿ.

ಹೊಸದುರ್ಗ ತೆಂಗು:
ಎಲ್ಲ ಸರಿ ಸ್ವಾಮಿ, ಇಷ್ಟೆಲ್ಲ ಮಾಡಿ ಪಾಠ ಯಾವಾಗ? ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಗ್ಗೆ 11ಕ್ಕೆ "ಅತಿ ತುರ್ತು, 12 ಗಂಟೆಯೊಳಗೆ", ಮಧ್ಯಾಹ್ನ 2ಕ್ಕೆ ಅದೇ ಮಾಹಿತಿ ಇನ್ನೊಂದು ನಮೂನೆಯಲ್ಲಿ. 1ರಿಂದ 5ರಲ್ಲಿ 150 ಮೀರಿದರೆ ಪೂರ್ಣಾವಧಿ ಹೆಚ್‌ಎಂ ಅಂತ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಹೇಳುತ್ತೆ. 120 ಇರೋ ಶಾಲೆಯಲ್ಲಿ ಹೆಚ್‌ಎಂ ಕೂಡ ತರಗತಿ ಶಿಕ್ಷಕರೇ. ಅದೇ ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸ ಹಚ್ಚೋ ಹಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಓಡಾಡಿದ್ದು, ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೆದಿದ್ದು ಎಲ್ಲರಿಗೂ ನೆನಪಿದೆ.

ನಲಿಕಲಿ ಅಕ್ಕ:
ಸಿಟ್ಟು ನ್ಯಾಯವೇ. ಆದರೆ ತುರ್ತು ಮಾಹಿತಿಗೆ ಒಂದು ಉಪಾಯ ಇದೆ. ಜೂನ್‌ನಲ್ಲೇ ಒಂದು ಎಕ್ಸೆಲ್ ಹಾಳೆ: ಪ್ರತಿ ಮಗುವಿಗೆ ಒಂದು ಸಾಲು. ದಾಖಲಾತಿ ಸಂಖ್ಯೆ, ಸ್ಯಾಟ್ಸ್ ಸಂಖ್ಯೆ, ಆಧಾರ್‌ನಂತೆ ಹೆಸರು, ತಂದೆ, ತಾಯಿ, ಹುಟ್ಟಿದ ದಿನ, ಲಿಂಗ, ಪ್ರವರ್ಗ, ಬ್ಯಾಂಕ್ ಖಾತೆ, ಫೋನ್, ಶೂ ಅಳತೆ, ಮೊಟ್ಟೆಯೋ ಬಾಳೆಹಣ್ಣೋ, ಎತ್ತರ, ತೂಕ. ಬರೋ ಹತ್ತು ನಮೂನೆಯಲ್ಲಿ ಎಂಟಕ್ಕೆ ಇದನ್ನೇ ಸೋಸಿ ಕೊಡಬಹುದು. ಆಧಾರ್ ಸಂಖ್ಯೆಯನ್ನ ಮಾತ್ರ ಗುಂಪಿನಲ್ಲಿ ಹಾಕಬೇಡಿ, ಯಾರೇ ಕೇಳಲಿ.

ಹೊಸದುರ್ಗ ತೆಂಗು:
ಹಾಳೆ ಒಪ್ಪಿದೆ. ಆದರೂ ಊಟಕ್ಕೆ ಮುಂಚೆ ಫೋನ್ ಮುಟ್ಟಬಾರದು ಅನ್ನೋದು ನನ್ನ ವಾದ. ಮೊದಲ ಮೂರು ಅವಧಿ ಪಾಠ, ಊಟದ ನಂತರ ಅರ್ಧ ಗಂಟೆ ಮಾಹಿತಿ. ಮೂರು ಗಂಟೆಗೆ ಹೋದ ಮಾಹಿತಿಯಿಂದ ಯಾವ ಕಚೇರಿಯೂ ಬಿದ್ದುಹೋಗಿಲ್ಲ.

ಸಿಆರ್‌ಪಿ, ಹಿರಿಯೂರು ಕಡೆ:
ನಮಗೂ ಮೇಲಿಂದ ಹಾಗೇ ಕೇಳ್ತಾರೆ ಸರ್. ಆದರೆ ಒಂದು ಒಪ್ಪಿಕೊಳ್ತೀನಿ, ಇಬ್ಬರೇ ಶಿಕ್ಷಕರಿರೋ ಕಿರಿಯ ಪ್ರಾಥಮಿಕ ಶಾಲೆಯ ಹೆಚ್‌ಎಂ ಸಭೆಗೆ ಬಂದ ದಿನ ಆ ಶಾಲೆ ಏಕೋಪಾಧ್ಯಾಯ ಶಾಲೆ. ಅವರು ಹಿಂದಿನ ದಿನವೇ 4-5ನೇ ತರಗತಿಗೆ ಬರವಣಿಗೆ ಕೆಲಸ ಹಲಗೆ ಮೇಲೆ ಬರೆದಿಟ್ಟು ಬರೋದು ಒಳ್ಳೇದು. ನಲಿಕಲಿ ಮಕ್ಕಳು (1ರಿಂದ 3ನೇ ತರಗತಿ) ತಟ್ಟೆ ಗುಂಪಿನಲ್ಲಿ ಹೇಗೋ ಕೂರ್ತಾರೆ, ಗದ್ದಲ ಏಳೋದು 4-5ರಲ್ಲಿ.

ಹೊಳೆದಂಡೆ, ಹರಿಹರ:
ಎಲ್ಲರಿಗೂ ಶರಣು. ಕೊನೇ ಪ್ರಶ್ನೆ. ಚಾರ್ಜ್ ಕೊಡೋರು "ತೂಕದ ಯಂತ್ರ ಕೆಟ್ಟಿದೆ, ಚೀಲ ಎಣಿಸಿಕೊಳ್ಳಿ" ಅಂತಿದ್ದಾರಂತೆ. ಏನು ಮಾಡೋದು?

ಚಳ್ಳಕೆರೆ ಶೇಂಗಾ:
ನ್ಯಾಯಬೆಲೆ ಅಂಗಡಿಯವರ ಹತ್ರ ಯಂತ್ರ ಇರುತ್ತೆ, ಒಂದು ಗಂಟೆಗೆ ಇಸ್ಕೊಂಡು ಬನ್ನಿ. ಹೊಲಿಗೆ ಇರೋ ಚೀಲವನ್ನೂ ತೂಗಿ, ಖಾಲಿ ಗೋಣಿಯ ಅರ್ಧ ಕೆಜಿ ಚಿಲ್ಲರೆ ಕಳೆಯೋದು ಮರೀಬೇಡಿ. ಕೆಟ್ಟ ಯಂತ್ರವನ್ನ ಜಡವಸ್ತು ದಾಸ್ತಾನು ವಹಿಯಲ್ಲಿ "ಕೆಟ್ಟಿದೆ" ಅಂತ ಬರೆಸಿಯೇ ಸಹಿ ಹಾಕಿ.